ಕರಿಮೊಟ್ಟೆಯ ಕಾಡು ಕಡಿದವರು

ಅರಣ್ಯ ಇಲಾಖೆಯ ಸಂಶೋಧನಾ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿಯಲ್ಲಿ ಏನು ಹೇಳಿಕೊಡುತ್ತಾರೆ ಎಂಬುದನ್ನು ನನ್ನ ತಂಗಿಯ ಅಳಿಯ ಹೋದ ತಿಂಗಳು ಕೊಡ್ಲಿಪೇಟೆಯ ನಮ್ಮ ಮನೆಗೆ ಬಂದಾಗ ಹೇಳಿದ. ಅವನೂ ಈಗ ಅದೇ ವಿಭಾಗದಲ್ಲಿದ್ದಾನೆ. ಬ್ರಿಟಿಷರ ಕಾಲದಲ್ಲಿ ಕೊಡಗಿನ ಸಂಶೋಧನಾ ತಾಕುಗಳನ್ನು ಅಧಿಕಾರಿಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರಂತೆ. ಅವು ಹಾಳಾದದ್ದು ಬೆಟ್ಟದ ಜನರ ಕೈಯಿಂದಂತೆ. ಕಾಫಿ ಕುಡಿಯುತ್ತ ಕೂತಿದ್ದವನು ಲೋಟ ಕೆಳಗಿಟ್ಟೆ. ಮೈ ಉರಿದುಹೋಯಿತು.

ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ. ಅವನು ಕೇಳಿದ್ದನ್ನು ಹೇಳಿದ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ತಪ್ಪಿತು ಎಂಬುದೆಲ್ಲ ಇಲ್ಲಿ ಬೇಡ. ಕಕ್ಕಬೆಯ ಮೇಲಿನ ಕರಿಮೊಟ್ಟೆ ಬೆಟ್ಟದ ತಾಕಿನಲ್ಲಿ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಅಷ್ಟೇ.

ಮೊದಲು ಆ ಕೆಲಸ ಎಂಥದೆಂದು ಹೇಳುತ್ತೇನೆ. ಹಿಮಾಲಯದ ದೇವದಾರು ಕಾಡಿನಿಂದ ಹಿಡಿದು ಮಲಬಾರಿನ ತನಕ, ದೇಶದ ಉದ್ದಗಲಕ್ಕೂ ಅಲ್ಲಲ್ಲಿ ಒಂದೊಂದು ತುಂಡು ಕಾಡನ್ನು ಗುರುತು ಮಾಡಿ ಇಟ್ಟಿದ್ದರು. ಅದಕ್ಕೆ ಕಾಗದದಲ್ಲಿ ತಾಕು ಎಂದು ಹೆಸರು, ನಮ್ಮ ಬಾಯಲ್ಲಿ ಪ್ಲಾಟು. ಪ್ರತಿ ತಾಕಿನ ಮರಗಳಿಗೂ ತಗಡಿನ ನಂಬರು. ಎದೆಮಟ್ಟದಲ್ಲಿ ಬಿಳಿ ಬಣ್ಣದ ಒಂದು ಪಟ್ಟಿ. ವರ್ಷಕ್ಕೊಮ್ಮೆ ಆ ಪಟ್ಟಿಯ ಮೇಲೆ ಟೇಪು ಸುತ್ತಿ ಮರದ ಸುತ್ತಳತೆ ತೆಗೆಯಬೇಕು. ನೆಲದಲ್ಲಿ ಎಷ್ಟು ಸಸಿ ಹುಟ್ಟಿವೆ, ಎಷ್ಟು ಸತ್ತಿವೆ, ಯಾವ ಮರ ಯಾವಾಗ ಚಿಗುರಿತು, ಮಳೆ ಎಷ್ಟು ಬಿತ್ತು, ಎಲ್ಲ ಬರೆಯಬೇಕು. ದೇಶದ ಎಲ್ಲ ತಾಕುಗಳ ಲೆಕ್ಕವೂ ಉತ್ತರದ ದೊಡ್ಡ ಕಛೇರಿಗೆ ಹೋಗುತ್ತಿತ್ತು. ಅಲ್ಲಿ ಕೂತವರು ಎಲ್ಲವನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ, ಮನುಷ್ಯರ ಕೈ ಸೋಕದ ಕಾಡು ತನ್ನಷ್ಟಕ್ಕೆ ಹೇಗೆ ಬೆಳೆಯುತ್ತದೆ ಎಂದು ತಿಳಿಯುತ್ತದೆ ಎಂಬುದು ಲೆಕ್ಕಾಚಾರ.

ಒಳ್ಳೆಯ ಕೆಲಸ. ಈಗಲೂ ಹಾಗೆಯೇ ಹೇಳುತ್ತೇನೆ. ಮಡಿಕೇರಿಯಲ್ಲಿ ಓದು ಮುಗಿಸಿ, ಕೊಡ್ಲಿಪೇಟೆಯಲ್ಲಿ ನಮ್ಮಪ್ಪನ ಜೀನಸು ಅಂಗಡಿಯಲ್ಲಿ ಕೂರಲಾರದೆ ನಾನು ಈ ಕೆಲಸ ಹಿಡಿದೆ. ಮೊದಲ ಬೇಸಿಗೆಯಲ್ಲಿ ಕರಿಮೊಟ್ಟೆಯ ನಾಗಸಂಪಿಗೆ ಮರಗಳು ಕೆಂಪಾಗಿ ಚಿಗುರಿ ನಿಂತದ್ದನ್ನು ನೋಡಿದ ಮೇಲೆ ಅಂಗಡಿಯ ಯೋಚನೆ ಮತ್ತೆ ಬರಲಿಲ್ಲ. ಮಳೆಗಾಲದಲ್ಲಿ ಜಿಗಣೆ ಕಾಲು ಬಿಡುತ್ತಿರಲಿಲ್ಲ, ಬಟ್ಟೆ ಒಣಗುತ್ತಿರಲಿಲ್ಲ. ಆದರೂ ನಾನು ಅಳೆದ ಮರ ಮರುವರ್ಷ ಒಂದು ಎಳೆಯಷ್ಟು ದಪ್ಪವಾದದ್ದು ಟೇಪಿನಲ್ಲಿ ಕಂಡಾಗ ನನ್ನದೇ ಮಗು ಬೆಳೆದಂತೆ ಖುಷಿಯಾಗುತ್ತಿತ್ತು.

ತಾಕಿಗೆ ಕಾವಲಿದ್ದವನು ಗಾರ್ಡ್ ಸುಬ್ಬಯ್ಯ. ಭಾಗಮಂಡಲದ ಕಡೆಯ ಗೌಡ. ಅವರ ಮನೆಮಾತಾದ ಅರೆಭಾಷೆ ಆಡುತ್ತಿದ್ದ. ನಮ್ಮಿಬ್ಬರ ಮೇಲೆ ರೇಂಜರ್ ಕೃಷ್ಣರಾಯರು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಉತ್ತರದ ಕಛೇರಿಯಿಂದ ಒಬ್ಬ ಇಂಗ್ಲಿಷ್ ದೊರೆ ತಪಾಸಣೆಗೆ ಬರುತ್ತಿದ್ದ. ನಮ್ಮ ಜಗತ್ತು ಇಷ್ಟೇ.

ನಾನು ಸೇರಿದ ಹೊಸದರಲ್ಲೇ ಮೊದಲ ಅನ್ಯಾಯ ನಡೆಯಿತು. ತಾಕಿನ ಗಡಿ ಎಳೆಯುವಾಗ ಅದರೊಳಗೆ ಒಂದು ಗುಡಿಸಲು ಬಂತು. ಬೊಳ್ಳ, ಅವನ ಹೆಂಡತಿ ಪೂವಿ. ಬೆಟ್ಟದ ಕುಡಿಯ ಜಾತಿಯವರು. ಬೈನೆ ಮರದಿಂದ ಕಳ್ಳು ಇಳಿಸುವುದು, ಜೇನು ತೆಗೆಯುವುದು, ಗುಡಿಸಲಿನ ಹಿಂದೆ ನಾಲ್ಕು ಏಲಕ್ಕಿ ಗಿಡ. ಬೊಳ್ಳನ ಅಜ್ಜನೂ ಅಲ್ಲಿಯೇ ಇದ್ದವನಂತೆ. ಅವರ ಹಿರಿಯರದೆಂದು ಒಂದು ಕಲ್ಲು ಗುಡಿಸಲಿನ ಮೇಲ್ಗಡೆ ಮರದ ಬುಡದಲ್ಲಿತ್ತು. ವರ್ಷಕ್ಕೊಮ್ಮೆ ಅದಕ್ಕೆ ಎಡೆ ಇಡುತ್ತಿದ್ದರು.

ದೊರೆ ಬಂದು ನೋಡಿದ. ಕಾಡು ಅವನಿಗೆ ಬಹಳ ಹಿಡಿಸಿತು. "ಇಷ್ಟು ಚೆನ್ನಾದ ಕಾಡು ನಾನು ಈ ಕಡೆ ನೋಡಿಲ್ಲ. ಇದನ್ನೇ ಇಡೋಣ. ಆದರೆ ಇಲ್ಲಿ ಮನುಷ್ಯರು ಇರಬಾರದು" ಎಂದ. ಮನುಷ್ಯರು ಇದ್ದೂ ಕಾಡು ಅಷ್ಟು ಚೆನ್ನಾಗಿದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಜೊತೆಯಲ್ಲಿದ್ದ ಕೃಷ್ಣರಾಯರಿಗೆ ಹೊಳೆದಿದ್ದರೂ ಹೇಳುವ ಪೈಕಿಯವರಲ್ಲ ಅವರು.

ದೊರೆ ಅಲ್ಲಿಯೇ ಬರೆದು ಕೊಟ್ಟ ಅಪ್ಪಣೆಯನ್ನು ಕನ್ನಡದಲ್ಲಿ ಓದಿ ಹೇಳಿದ್ದು ನಾನು. ಬೊಳ್ಳ ತಲೆ ಬಗ್ಗಿಸಿ ಕೇಳಿದ. ಪೂವಿ ಬಾಗಿಲಲ್ಲಿ ನಿಂತಿದ್ದವಳು ಹತ್ತಿರ ಬಂದಳು.

"ಅಯ್ಯ, ಈ ಕಾಗದದಲ್ಲಿ ನಾವು ಎಂತ ಮಾಡಿದ್ದು ಅಂತ ಬರ್ದಿದೆ?" ಎಂದು ಕೇಳಿದಳು.

"ಏನೋ ಮಾಡಿದ್ದೀರಿ ಅಂತ ಇಲ್ಲಮ್ಮ. ಇಲ್ಲಿ ಯಾರೂ ಇರಬಾರ್ದು ಅಂತ ಅಷ್ಟೇ."

"ಎಂತದೂ ಮಾಡದೆ ಇದ್ರೆ ಎಂತಕ್ಕೆ ಹೋಗ್ಬೇಕು?"

ನಾನು ರೇಂಜರರ ಮುಖ ನೋಡಿದೆ. ಅವರು "ಸರ್ಕಾರಿ ಆರ್ಡರಿಗೆ ಯಾಕೆ ಏನು ಅಂತ ಇರಲ್ಲ. ಕೆಳಗೆ ತೋಟದಲ್ಲಿ ಲೈನ್ ಮನೆ ಕೊಡಿಸ್ತೀನಿ, ಹೋಗಿ" ಎಂದು ಮುಂದಕ್ಕೆ ನಡೆದರು. ದೊರೆ ಅಷ್ಟರಲ್ಲಿ ಒಂದು ಧೂಪದ ಮರದ ಕಡೆ ಕತ್ತೆತ್ತಿ ನಿಂತಿದ್ದ. ಬೊಳ್ಳ ಮತ್ತು ಪೂವಿ ಪಾತ್ರೆ ಚಾಪೆ ಹೊತ್ತುಕೊಂಡು ಕೆಳಗಿಳಿದು ಒಂದು ಕಾಫಿ ತೋಟದ ಕೂಲಿಗಳ ಲೈನಿಗೆ ಸೇರಿದರು. ಗುಡಿಸಲನ್ನು ಕಿತ್ತುಹಾಕಿ ಆ ಜಾಗವನ್ನು ನಕ್ಷೆಯಲ್ಲಿ 'ಕಾಡು' ಎಂದು ತೋರಿಸಲಾಯಿತು.

ಸುಬ್ಬಯ್ಯ ಮಾತ್ರ ಒಂದು ಒಳ್ಳೆಯ ಕೆಲಸ ಮಾಡಿದ. ವರ್ಷಕ್ಕೊಂದು ದಿನ ಅವರಿಬ್ಬರೂ ಆ ಕಲ್ಲಿಗೆ ಎಡೆ ಇಡಲು ಬಂದರೆ ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದ. ನಾನೂ ಹಾಗೆಯೇ ಮಾಡಿದೆ.

ಇನ್ನು ಕೆಲಸದ ವಿಧಾನದ ವಿಷಯ. ಉತ್ತರದಲ್ಲಿ ಎಲ್ಲೋ ಒಂದು ಒಣಕಾಡಿನ ತಾಕು ಬೇಸಿಗೆಯಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅದರ ಬೆನ್ನಿಗೇ ದೇಶದ ಎಲ್ಲ ತಾಕುಗಳಿಗೂ ಒಂದೇ ಅಪ್ಪಣೆ ಬಂತು: ಪ್ರತಿ ಬೇಸಿಗೆಯಲ್ಲೂ ತಾಕಿನೊಳಗಿನ ತರಗೆಲೆಯನ್ನೆಲ್ಲ ಗುಡಿಸಿ ಹೊರಗೆ ಹಾಕಬೇಕು. ಕಕ್ಕಬೆಯ ಮೇಲಿನ ಕಾಡು ನೋಡಿದವರಿಗೆ ಗೊತ್ತು, ಅಲ್ಲಿ ಮಾರ್ಚಿಯಲ್ಲೂ ನೆಲ ಕೈಗೆ ತಣ್ಣಗೆ ತಾಗುತ್ತದೆ.

ಅಪ್ಪಣೆ ಕೇಳಿದ ಸುಬ್ಬಯ್ಯ ಒಂದು ಹಿಡಿ ತರಗೆಲೆ ಎತ್ತಿ ಹಿಂಡಿ ತೋರಿಸಿದ. "ಸಾರ್, ಸೀಮೆಎಣ್ಣೆ ಡಬ್ಬ ತಂದು ಸುರ್ದರೂ ಈ ಕಾಡ್‌ಗೆ ಬೆಂಕಿ ಹಿಡ್ಸಿಕೆ ಆಕಿಲ್ಲೆ. ಅವ್ಕೆ ಅಲ್ಲಿ ಇದ್ ಗೊತ್ತಿಲ್ಲೆನೋ?" ಎಂದ.

ನಾನು ಕೃಷ್ಣರಾಯರ ಹತ್ತಿರ ಹೋಗಿ ಹೇಳಿದೆ. ತರಗೆಲೆ ತೆಗೆದರೆ ಸಸಿಗಳ ಬೇರು ಬಿಸಿಲಿಗೆ ಬೀಳುತ್ತದೆ, ಕಾಡು ತನ್ನಷ್ಟಕ್ಕೆ ಹೇಗೆ ಬೆಳೆಯುತ್ತದೆ ಎಂದು ನೋಡುವುದಕ್ಕೇ ಅಲ್ಲವೇ ಈ ತಾಕು ಇರುವುದು ಎಂದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ಶಿವಲಿಂಗಪ್ಪ, ಗುಡಿಸು ಅಂದ್ರೆ ಗುಡಿಸು. ಗುಡಿಸಿದ್ದು ತಪ್ಪಾದ್ರೆ ತಪ್ಪು ಅವರದು. ಗುಡಿಸದೇ ಇದ್ರೆ ತಪ್ಪು ನನ್ನದು" ಎಂದರು.

ಗುಡಿಸಿದೆವು. ಆಳುಗಳು ಬಿದಿರಿನ ಪೊರಕೆ ಹಿಡಿದು ಮಳೆಕಾಡನ್ನು ಮದುವೆ ಚಪ್ಪರದ ನೆಲದ ಹಾಗೆ ಗುಡಿಸಿದರು. ಕೆಲವೇ ಬೇಸಿಗೆಗಳಲ್ಲಿ ಸಸಿಗಳು ಒಣಗಿ ನೆಲ ಬೋಳಾಯಿತು. ಮೊದಲ ಮಳೆಗೆ ಮೇಲ್ಮಣ್ಣು ಕೆಂಪಾಗಿ ತೋಡಿಗೆ ಇಳಿಯಿತು. ಆಮೇಲೆ ಉತ್ತರದಿಂದ ಪ್ರಶ್ನೆ ಬಂತು, ಕರಿಮೊಟ್ಟೆಯಲ್ಲಿ ಸಸಿಗಳು ಕಡಿಮೆಯಾಗುತ್ತಿರುವುದಕ್ಕೆ ಕಾರಣವೇನು ಎಂದು. ಕಾರಣ ಕೇಳಿದವರೇ ಪೊರಕೆ ಹಿಡಿಸಿದವರು. ನಾನು ಇದ್ದದ್ದನ್ನು ಇದ್ದಂತೆ ಬರೆದು ಕೊಟ್ಟೆ. ಕೃಷ್ಣರಾಯರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಜಿಂಕೆ ತಿಂದಿವೆ ಅಂತ ಬರಿ" ಎಂದರು.

"ಅಷ್ಟು ಜಿಂಕೆ ಆ ಕಾಡಲ್ಲಿ ಎಲ್ಲೈತೆ ಸಾರ್?"

"ಜಿಂಕೆ ಬಂದು ಇಲ್ಲ ಅಂತ ಹೇಳುತ್ತಾ?"

ಅವರೇ ಬೇರೆ ಕಾಗದ ಬರೆದು ಕಳಿಸಿದರು. ಉತ್ತರದವರಿಗೆ ಸಮಾಧಾನವಾಯಿತು. ಮುಂದಿನ ವರ್ಷ ಜಿಂಕೆ ಬರದಂತೆ ಮುಳ್ಳುಬೇಲಿ ಹಾಕಿಸುವ ಅಪ್ಪಣೆ ಬಂತು. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಈ ಪ್ರಸಂಗ ಕೇಳಿ ನಗಬಹುದು. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಅಪರಾಧ ಹೊರಿಸಲು ಬಾಯಿಲ್ಲದ ಒಂದು ಪ್ರಾಣಿ ಸಿಕ್ಕರೆ ಸಾಕು ಎಂಬ ಪಾಠವನ್ನು ನಮ್ಮ ಇಲಾಖೆ ಅಲ್ಲಿ ಕಲಿಯಿತು.

ಆಮೇಲೆ ಯುದ್ಧ ಬಂತು. ಮೊದಲ ಯುದ್ಧವಲ್ಲ, ಎರಡನೆಯದು. ಎಲ್ಲಿಯೋ ನಡೆಯುತ್ತಿದ್ದ ಯುದ್ಧ ನಮ್ಮ ಕಾಡಿಗೆ ಮರದ ರೂಪದಲ್ಲಿ ಬಂತು. ರೈಲಿಗೆ ಸ್ಲೀಪರು ಬೇಕು, ಮದ್ದುಗುಂಡು ತುಂಬುವ ಪೆಟ್ಟಿಗೆಗೆ ಹಲಗೆ ಬೇಕು, ಇಂದೇ ಬೇಕು. ಕಂಟ್ರಾಕ್ಟರುಗಳಿಗೆ ಕಾಡಿನ ಭಾಗಗಳನ್ನು ಹಂಚಿಕೊಟ್ಟರು. ಮಲಬಾರಿನಿಂದ ಗರಗಸದವರು ಗುಂಪುಗುಂಪಾಗಿ ಬಂದರು. ಅದು ಸರಿಯೋ ತಪ್ಪೋ ನಾನು ಇಲ್ಲಿ ವಾದ ಮಾಡುವುದಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಗಿತ್ತು: ಸಂಶೋಧನಾ ತಾಕುಗಳನ್ನು ಮುಟ್ಟಬಾರದು. ಅದು ಮೇಲಿನಿಂದಲೇ ಬಂದ ಅಪ್ಪಣೆ.

ಕರಿಮೊಟ್ಟೆಯ ಆಚೆ ಮಗ್ಗುಲಿನ ಕಾಡು ಒಬ್ಬ ಕಂಟ್ರಾಕ್ಟರಿಗೆ ಸಿಕ್ಕಿತ್ತು. ಅದು ಕಡಿದಾದ ಜಾಗ. ಅಲ್ಲಿಂದ ನಾಟಾ, ಅಂದರೆ ಕಡಿದ ದಿಮ್ಮಿ, ಇಳಿಸಲು ಆನೆಗೂ ಕಷ್ಟ. ನಮ್ಮ ತಾಕಾದರೋ ಗಾಡಿರಸ್ತೆಯ ಪಕ್ಕದಲ್ಲಿ ಇತ್ತು. ಒಂದು ದಿನ ಬೆಳಿಗ್ಗೆ ನಾನು ಮಳೆಮಾಪಕ ನೋಡಲು ಹತ್ತುತ್ತಿರುವಾಗ ತಾಕಿನೊಳಗಿನಿಂದ ಗರಗಸದ ಸದ್ದು ಕೇಳಿತು.

ಓಡಿದೆ. ಬಿಳಿ ಪಟ್ಟಿ ಬಳಿದ ಒಂದು ಧೂಪದ ಮರ ಆಗಲೇ ನೆಲಕ್ಕೆ ಬಿದ್ದಿತ್ತು. ಎರಡನೆಯದರ ಬುಡದಲ್ಲಿ ಇಬ್ಬರು ಗರಗಸ ಎಳೆಯುತ್ತಿದ್ದರು. ಸುಬ್ಬಯ್ಯ ಅವರಿಗೆ ಅಡ್ಡ ನಿಂತು ಬೈಯುತ್ತಿದ್ದ. ಕಂಟ್ರಾಕ್ಟರನ ಮೇಸ್ತ್ರಿ ಒಂದು ಬೇರಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಯಾರು ಹೇಳಿದ್ದು ಇಲ್ಲಿ ಕಡಿಯೋಕೆ? ಮರದ ಮೇಲೆ ನಂಬರ್ ಕಾಣಲ್ವೇನ್ರಿ?" ಎಂದೆ.

"ಕಾಣ್ತದೆ. ರೇಂಜರ್ ಸಾರ್ ಬಂದು ತೋರ್ಸಿ ಹೋಗಿದಾರೆ. ಅವ್ರತ್ರ ಕೇಳಿ" ಎಂದ ಅವನು, ಎದ್ದೇಳದೆ.

ಸುಬ್ಬಯ್ಯನನ್ನು ಅಲ್ಲಿಯೇ ಬಿಟ್ಟು ನಾನು ನಾಪೋಕ್ಲಿಗೆ ನಡೆದೆ. ಕೃಷ್ಣರಾಯರು ಕಛೇರಿಯ ಜಗಲಿಯಲ್ಲಿ ಇದ್ದರು. ನಾನು ಕೆಸರು ಮೆತ್ತಿದ ಕಾಲಿನಲ್ಲಿ ಹಾಗೆಯೇ ಮೆಟ್ಟಿಲು ಹತ್ತಿದೆ.

"ಸಾರ್, ತಾಕಿನೊಳಗೆ ಕಡೀತಾ ಅವ್ರೆ. ನಿಲ್ಲಿಸ್ಬೇಕು."

"ಗೊತ್ತಿದೆ."

"ಗೊತ್ತಿದ್ರೆ ನಿಲ್ಲಿಸಿ ಸಾರ್. ಇಷ್ಟು ವರ್ಷದ ಕೆಲಸ. ಒಬ್ಬರ ಮನೆ ಕಿತ್ತು ಹಾಕಿ ಮಾಡಿದ ತಾಕು ಅದು."

"ಯುದ್ಧ ನಡೀತಿದೆ ಕಣಯ್ಯ. ಮೇಲಿನವರಿಗೆ ನಾಟಾ ಬೇಕು. ಆ ಕಡೆಯಿಂದ ಇಳಿಸಿದ್ರೆ ಮಳೆಗಾಲದೊಳಗೆ ಮುಗಿಯೋದಿಲ್ಲ. ಮುಗಿಸದೇ ಇದ್ರೆ ನನ್ನ ಕತ್ತು ಹಿಡೀತಾರೆ. ನಿನ್ನ ಪ್ಲಾಟಿನ ಮರ ಎಷ್ಟು ದಪ್ಪ ಆಯ್ತು ಅಂತ ಈಗ ಯಾರು ಕೇಳ್ತಾರೆ?"

"ತಾಕನ್ನ ಮುಟ್ಟಬೇಡಿ ಅಂತ ಮೇಲಿನವರೇ ಅಲ್ವಾ ಹೇಳಿರೋದು?"

ಅವರು ಎದ್ದು ನಿಂತರು. "ನೋಡಯ್ಯ, ನೀನು ಅಳೆಯೋನು. ಇರೋದನ್ನ ಅಳಿ. ಇಲ್ಲದೇ ಇರೋದನ್ನ ಬಿಡು. ಮಾತು ಮುಗೀತು" ಎಂದು ಒಳಗೆ ಹೋದರು.

ನಾನು ಮಡಿಕೇರಿಗೆ ಹೋಗಿ ಅವರ ಮೇಲಿನವರನ್ನೂ ಕಂಡೆ. ಅವರು ನನ್ನನ್ನು ಕೂರಿಸಲೂ ಇಲ್ಲ. ರೇಂಜರರ ಮೂಲಕ ಬರದ ಮಾತನ್ನು ತಾವು ಕೇಳುವುದಿಲ್ಲ ಎಂದರು. ರೇಂಜರರ ಮೇಲಿನ ದೂರು ರೇಂಜರರ ಮೂಲಕ ಹೇಗೆ ಬರುತ್ತದೆ ಎಂದು ಕೇಳಿದ್ದಕ್ಕೆ ಜವಾನನನ್ನು ಕರೆದು ಬಾಗಿಲು ತೋರಿಸಿದರು. ನಾನು ಹಿಂತಿರುಗುವ ಹೊತ್ತಿಗೆ ಧೂಪ, ಸುರಹೊನ್ನೆ, ನಾಗಸಂಪಿಗೆ, ದೊಡ್ಡವು ಒಂದೂ ಉಳಿದಿರಲಿಲ್ಲ. ತಗಡಿನ ನಂಬರುಗಳನ್ನು ಸುಬ್ಬಯ್ಯ ಆರಿಸಿ ಒಂದು ಕಡೆ ರಾಶಿ ಹಾಕಿದ್ದ. ಯಾಕೆ ಆರಿಸಿದೆ ಎಂದು ಕೇಳಿದೆ. "ಇನ್ನೆಂತ ಮಾಡ್ದು ಸಾರ್" ಎಂದ. ಆ ದೊಡ್ಡ ಆಳು ಕೂತು ಕಣ್ಣು ಒರೆಸಿಕೊಂಡ.

ಇಷ್ಟಕ್ಕೇ ನಿಂತಿದ್ದರೆ ಯುದ್ಧಕಾಲದ ನೂರು ಅನ್ಯಾಯಗಳಲ್ಲಿ ಇದೂ ಒಂದು ಎಂದು ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ನಿಲ್ಲಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ದೊರೆ ಮತ್ತೆ ತಪಾಸಣೆಗೆ ಬರುತ್ತಾನೆಂಬ ಸುದ್ದಿ ಬಂತು. ಯುದ್ಧದ ವರ್ಷಗಳಲ್ಲಿ ಕೃಷ್ಣರಾಯರು ಕರಿಮೊಟ್ಟೆಯ ಲೆಕ್ಕವನ್ನು ಕಳಿಸದೆ ಏನೇನೋ ನೆವ ಹೇಳಿದ್ದರು. ಈಗ ದೊರೆ ಬಂದು ಕಣ್ಣಾರೆ ನೋಡುತ್ತಾನೆ. ಕಾಡು ಎಲ್ಲಿ ಎಂದು ಕೇಳುತ್ತಾನೆ.

ಕೃಷ್ಣರಾಯರು ಆಳುಗಳನ್ನು ಕರೆಸಿ ತಾಕಿನ ಮೋಟುಗಳಿಗೆಲ್ಲ ಬೆಂಕಿ ಹಾಕಿಸಿದರು. ಒಣಗಿದ ಮೋಟು, ಧೂಪದ ಅಂಟು ಬೇರೆ, ಚೆನ್ನಾಗಿ ಉರಿದವು. ಗರಗಸದಿಂದ ಕೊಯ್ದ ಸಪಾಟು ಮುಖ ಕರಕಲಾಗಿ ಅಡಗಿತು. ಇದು ಯಾಕೆಂದು ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಧೂಪ ತೆಗೆಯುವವರು ಮರದ ಬುಡಕ್ಕೆ ಗಾಯ ಮಾಡಿ ಸಣ್ಣಗೆ ಬೆಂಕಿ ಕೊಡುತ್ತಾರೆ, ಆಗ ಅಂಟು ಒಸರುತ್ತದೆ. ಬುಡ ಸುಟ್ಟಿದ್ದರೆ ಧೂಪಕ್ಕೆ ಬರುವ ಕುಡಿಯರೇ ಸುಟ್ಟರು ಎಂದು ಹೇಳಬಹುದಲ್ಲ.

ಆ ವರ್ಷ ಬೊಳ್ಳ ಮತ್ತು ಪೂವಿ ಎಡೆ ಇಡಲು ಬಂದ ದಿನ ಕೃಷ್ಣರಾಯರು ಇಬ್ಬರು ಗಾರ್ಡುಗಳ ಜೊತೆ ಕಾದು ಕೂತಿದ್ದರು. ಸುಬ್ಬಯ್ಯನನ್ನು ಹಿಂದಿನ ವಾರವೇ ಬೇರೆ ಕಡೆ ಕಳಿಸಿದ್ದರು. ಬೊಳ್ಳನ ಸೊಂಟದಲ್ಲಿ ಕತ್ತಿ ಇತ್ತು. ಅದು ಇಲ್ಲದೆ ಕುಡಿಯರು ಮನೆಯಿಂದ ಹೊರಡುವುದಿಲ್ಲ. ಪೂವಿಯ ಸೆರಗಿನ ಗಂಟಿನಲ್ಲಿ ಹಿರಿಯರ ಕಲ್ಲಿಗೆ ಹಾಕಲು ತಂದ ಒಂದು ಉಂಡೆ ಧೂಪ ಇತ್ತು. ಸರ್ಕಾರದ ಸಂಶೋಧನಾ ತಾಕಿನ ಮರಗಳನ್ನು ಸುಟ್ಟು ನಾಶ ಮಾಡಿದ ಕಳ್ಳನನ್ನು ಮಾಲು ಸಮೇತ ಹಿಡಿಯಲಾಯಿತು ಎಂದು ಕೇಸು ಬರೆದರು. ದೊರೆ ಬಂದ. ಕರಕಲು ಮೋಟುಗಳನ್ನು ತೋರಿಸಿದರು. ತಲೆ ಅಲ್ಲಾಡಿಸಿ, "ಇವರನ್ನು ಇನ್ನೂ ದೂರ ಇಡಬೇಕಿತ್ತು" ಎಂದು ಹೇಳಿ ಹೋದ. ಅಷ್ಟು ದೊಡ್ಡ ಮರಗಳ ನಾಟಾ ಎಲ್ಲಿ ಹೋಯಿತು ಎಂದು ಕೇಳುವಷ್ಟು ಬುದ್ಧಿ ಅವನಿಗಿಲ್ಲದೆ ಇಲ್ಲ. ಕೇಳಲಿಲ್ಲ. ನಾನು ಮುಂದೆ ಬಂದು ಬಾಯಿ ತೆರೆದಾಗ ಕೃಷ್ಣರಾಯರು ನನ್ನನ್ನು ಜೀಪಿನ ಹತ್ತಿರ ಏನೋ ತರಲು ಕಳಿಸಿದರು. ತಿರುಗಿ ಬರುವಷ್ಟರಲ್ಲಿ ದೊರೆ ಹೊರಟಿದ್ದ.

ಬೊಳ್ಳ ಕೆಲಸ ಮಾಡುತ್ತಿದ್ದ ತೋಟದ ಮಾಲೀಕರ ತಮ್ಮ ಪೊನ್ನಪ್ಪನವರು ಮಡಿಕೇರಿಯಲ್ಲಿ ವಕೀಲರು. ಪೂವಿ ಅವರ ಮನೆಯ ಜಗಲಿಯಲ್ಲಿ ಕೂತು, ಕೇಸು ಹಿಡಿಯುತ್ತೇನೆ ಎನ್ನುವ ತನಕ ಏಳಲಿಲ್ಲವಂತೆ. ಅವರು ಹಿಡಿದರು.

ತಾಕಿನ ಉಸ್ತುವಾರಿ ನನ್ನದಾದ್ದರಿಂದ ಸರ್ಕಾರದ ಪರ ಸಾಕ್ಷಿ ನಾನೇ. ಕೃಷ್ಣರಾಯರು ನನ್ನನ್ನು ಕರೆಸಿಕೊಂಡರು. ಎಂದೂ ಇಲ್ಲದ್ದು, ಕುರ್ಚಿ ಕೊಟ್ಟರು.

"ನೀನೇನೂ ಸುಳ್ಳು ಹೇಳೋದು ಬೇಡ. ಮೊದಲು ಮರ ಇದ್ದವು ಅನ್ನು. ಈಗ ಇಲ್ಲ ಅನ್ನು. ಬುಡ ಸುಟ್ಟಿದೆ ಅನ್ನು. ಎಲ್ಲ ನಿಜಾನೇ ತಾನೆ?"

"ಮಧ್ಯದಲ್ಲಿ ಆಗಿದ್ದು, ಸಾರ್?"

"ಅದನ್ನ ಯಾರೂ ಕೇಳಲ್ಲ."

"ಕೇಳಿದ್ರೆ?"

"ಕೇಳಿದ್ರೆ ನೀನು ಅವತ್ತು ಊರಲ್ಲಿರಲಿಲ್ಲ. ಶಿವಲಿಂಗಪ್ಪ, ನಿಂಗೆ ಹೆಂಡ್ತಿ ಮಕ್ಕಳು ಇದ್ದಾರೆ. ಆ ಕುಡಿಯನಿಗೆ ಹೆಚ್ಚೆಂದರೆ ಕೆಲವು ತಿಂಗಳು ಜೈಲು. ಅವರಿಗೆ ಅಲ್ಲಿ ಊಟವಾದ್ರೂ ಸಿಗುತ್ತೆ."

ಆ ಕೊನೆಯ ಮಾತನ್ನು ಅವರು ಆಡದೆ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ನಿಶ್ಚಯವಾಗಿ ಹೇಳಲಾರೆ. ಆಡಿದರು. ನಾನು ಕುರ್ಚಿಯಿಂದ ಎದ್ದು ಹೊರಗೆ ಬಂದೆ.

ವಿಚಾರಣೆಯ ದಿನ ಬೊಳ್ಳ ಕಟಕಟೆಯಲ್ಲಿ ನಿಂತಿದ್ದ. ಅವನಿಗೆ ಯಾರೋ ಒಂದು ದೊಗಲೆ ಕೋಟು ಹಾಕಿಸಿದ್ದರು. ಪೂವಿ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಸರ್ಕಾರದ ವಕೀಲರು ನನ್ನನ್ನು ಕೃಷ್ಣರಾಯರು ಹೇಳಿದ ಮೂರು ಪ್ರಶ್ನೆಗಳನ್ನು ಕೇಳಿದರು. ಮರ ಇದ್ದವು ಎಂದೆ. ಈಗ ಇಲ್ಲ ಎಂದೆ. ಬುಡ ಸುಟ್ಟಿದೆ ಎಂದೆ. ಅವರು ತೃಪ್ತಿಯಿಂದ ಕೂತರು.

ಪೊನ್ನಪ್ಪನವರು ಎದ್ದರು. "ಬುಡ ಸುಟ್ಟಿದೆ ಅಂತೀರಿ. ಸುಟ್ಟವರು ಯಾರು, ನಿಮಗೆ ಗೊತ್ತಾ?"

"ಗೊತ್ತು ಸ್ವಾಮಿ. ಇಲಾಖೆಯ ಆಳುಗಳು. ರೇಂಜರ್ ಸಾಹೇಬರು ನಿಂತು ಹಾಕಿಸಿದ್ದು. ನಾನು ಅಲ್ಲೇ ಇದ್ದೆ."

ಮ್ಯಾಜಿಸ್ಟ್ರೇಟರು ಬರೆಯುತ್ತಿದ್ದ ಪೆನ್ನು ಎತ್ತಿದರು.

"ಸುಡುವಾಗ ಅಲ್ಲಿ ಮರ ಇತ್ತಾ?"

"ಇಲ್ಲ. ಮೋಟು ಇದ್ದದ್ದು. ಮರಗಳನ್ನ ಅದಕ್ಕೆ ಬಹಳ ಮುಂಚೆ, ಯುದ್ಧ ನಡೀತಾ ಇದ್ದಾಗಲೇ ಕಂಟ್ರಾಕ್ಟರು ಗರಗಸದಲ್ಲಿ ಕುಯ್ಸಿ ಗಾಡಿಯಲ್ಲಿ ಸಾಗಿಸಿದ್ದ. ನಿಲ್ಲಿಸಿ ಅಂತ ನಾನು ನಾಪೋಕ್ಲಿಗೂ ಹೋದೆ, ಮಡಿಕೇರಿಗೂ ಬಂದೆ. ಯಾರೂ ಕೇಳಲಿಲ್ಲ."

ಸರ್ಕಾರದ ವಕೀಲರು ಎದ್ದು, ಈ ಸಾಕ್ಷಿ ತಮಗೆ ವಿರುದ್ಧವಾಗಿ ತಿರುಗಿದ್ದಾನೆ, ಆರೋಪಿಯ ಕಡೆಯವರು ಇವನನ್ನು ಕೊಂಡುಕೊಂಡಿದ್ದಾರೆ ಎಂದು ಕೂಗಾಡಿದರು. ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿದರು. "ಈ ಮಾತಿನಿಂದ ನಿನ್ನ ಕೆಲಸಕ್ಕೆ ಏನಾಗಬಹುದು ಅಂತ ಗೊತ್ತಾ?" ಎಂದು ಕನ್ನಡದಲ್ಲೇ ಕೇಳಿದರು.

"ಗೊತ್ತು ಸ್ವಾಮಿ."

"ಆದರೂ ಹೇಳ್ತೀಯ?"

"ಆಗಿದ್ದು ಹಂಗೇ ಸ್ವಾಮಿ. ಬೇರೆ ಏನು ಹೇಳಾನ?"

ಮುಂದಿನ ವಾಯಿದೆಗೆ ಸುಬ್ಬಯ್ಯನೂ ಬಂದು ಹೇಳಿದ. ಯಾರೂ ಕರೆಯದೆ, ತಾನಾಗಿ ಪೊನ್ನಪ್ಪನವರ ಮನೆಗೆ ಹೋಗಿ ತನ್ನನ್ನೂ ಸಾಕ್ಷಿಗೆ ಹಾಕಿ ಎಂದಿದ್ದನಂತೆ. ಬೊಳ್ಳನನ್ನು ಬಿಟ್ಟರು.

ಆಮೇಲಿನದನ್ನು ಇಲ್ಲಿಯೇ ಹೇಳಿ ಮುಗಿಸಿಬಿಡುತ್ತೇನೆ. ಕೃಷ್ಣರಾಯರ ಮೇಲೆ ವಿಚಾರಣೆ ನಡೆಯುತ್ತದೆ ಎಂದರು. ನಡೆಯಲಿಲ್ಲ. ಅವರು ಮರ್ಯಾದೆಯಿಂದ ನಿವೃತ್ತರಾದರು, ಹಾರ ಹಾಕಿಸಿಕೊಂಡರು. ಸುಬ್ಬಯ್ಯನ ಕೆಲಸ ಹೋಯಿತು. ಅವನು ಊರಿಗೆ ಹೋಗಿ ಗದ್ದೆ ಮಾಡಿದ. ನನ್ನನ್ನು ಶಿರಂಗಾಲದ ಕಡೆಯ ಶ್ರೀಗಂಧದ ತಾಕಿಗೆ ಹಾಕಿದರು. ಕೆಲಸ ತೆಗೆಯಲು ಧೈರ್ಯ ಸಾಲಲಿಲ್ಲ, ಮ್ಯಾಜಿಸ್ಟ್ರೇಟರು ತೀರ್ಪಿನಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬರೆದಿದ್ದರು. ಇನ್ನು ಉತ್ತರದ ಕಛೇರಿ. ಕೋರ್ಟಿನ ತೀರ್ಪು ಬಂದ ಮೇಲೆಯೂ ಅಲ್ಲಿಂದ ಅಚ್ಚಾಗಿ ಬಂದ ವರದಿಯಲ್ಲಿ ಕರಿಮೊಟ್ಟೆಯ ಎದುರಿಗೆ 'ಬೆಟ್ಟದ ಜನರ ಧೂಪ ಸಂಗ್ರಹದಿಂದ ನಾಶವಾಯಿತು' ಎಂದೇ ಇತ್ತು. ತಿದ್ದಿ ಎಂದು ಬರೆದೆ, ಮತ್ತೆ ಬರೆದೆ. ಉತ್ತರ ಬರಲಿಲ್ಲ. ನನ್ನ ತಂಗಿಯ ಅಳಿಯನಿಗೆ ಇವತ್ತು ಪಾಠ ಮಾಡುವವರು ಓದಿರುವುದು ಆ ವರದಿಯನ್ನೇ ಇರಬೇಕು. ದೊರೆಗಳು ಹೋದರು, ಅವರ ಸುಳ್ಳು ಮಾತ್ರ ಪಾಠವಾಗಿ ಉಳಿದಿದೆ.

ಈ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಹೇಳುವುದು ಇಷ್ಟೆ. ಅಳೆಯುವುದನ್ನು ಶ್ರದ್ಧೆಯಿಂದ ಕಲಿಯಿರಿ, ಅದು ಕಲಿಯಬೇಕಾದ ವಿದ್ಯೆ. ಆದರೆ ನಿಮ್ಮ ತಾಕಿನೊಳಗೆ ಮೊದಲು ಯಾರು ಇದ್ದರು ಎಂದು ಕೇಳಿ ತಿಳಿದುಕೊಳ್ಳಿ. ಅವರನ್ನು ಯಾರು ಕಳಿಸಿದರು, ಆಮೇಲೆ ಅಲ್ಲಿ ಏನಾಯಿತು ಎಂದೂ ಕೇಳಿ. ಹೇಳುವವರು ಸಿಗದಿದ್ದರೆ ಊರೂರು ತಿರುಗಿ ಕೇಳಿ.

ನಾನು ಕೋರ್ಟಿನಲ್ಲಿ ಮಾಡಿದ್ದನ್ನು ದೊಡ್ಡದೆಂದು ಯಾರಾದರೂ ಹೊಗಳಿದರೆ ನನಗೆ ಬೊಳ್ಳನನ್ನು ಬಿಟ್ಟ ದಿನದ ನೆನಪು ಬರುತ್ತದೆ. ತೀರ್ಪು ಓದಿದ ಮೇಲೆ ನಾವೆಲ್ಲ ಕೋರ್ಟಿನ ಅಂಗಳಕ್ಕೆ ಬಂದೆವು. ಪೊನ್ನಪ್ಪನವರು ನಗುತ್ತಿದ್ದರು. ಸುಬ್ಬಯ್ಯ ಬೊಳ್ಳನ ಬೆನ್ನು ತಟ್ಟಿದ. ಪೂವಿ ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ಹಿಂದಕ್ಕೆ ಸರಿದೆ. ಬೊಳ್ಳ ಆ ಕೋಟನ್ನು ಬಿಚ್ಚಿ, ಮಡಿಸಿ, ವಕೀಲರ ಕೈಗೆ ಕೊಟ್ಟ. ಆಮೇಲೆ ನನ್ನ ಹತ್ತಿರ ಬಂದ.

"ಅಯ್ಯ, ನಾನು ಕದ್ದಿಲ್ಲ ಅಂತ ಆಯ್ತಲ್ಲ?"

"ಆಯ್ತು ಬೊಳ್ಳ. ನೀನೇನೂ ಮಾಡಿಲ್ಲ ಅಂತ ಬರೆದವ್ರೆ."

"ಹಂಗಾದ್ರೆ ನಾವು ಮೇಲೆ ಹೋಗ್ಬಹುದಾ? ನಾಳೆನೇ ಹೋಗ್ತೇವೆ. ಮರ ಇಲ್ಲದಿದ್ರೂ ಅಡ್ಡಿಲ್ಲ, ಬೈನೆ ಮತ್ತೆ ಬರ್ತದೆ."

ಪೂವಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವವಳ ಹಾಗೆ ನಿಂತಿದ್ದಳು. ನಾನು ಪೊನ್ನಪ್ಪನವರ ಮುಖ ನೋಡಿದೆ. ಅವರ ನಗು ಹೋಗಿತ್ತು. ಹೇಳಬೇಕಾದವನು ನಾನೇ ಎಂದು ತಿಳಿಯಿತು.

"ಅದು ಆಗಲ್ಲ ಬೊಳ್ಳ. ಅದು ಈಗಲೂ ಸರ್ಕಾರದ ಪ್ಲಾಟೇ. ಕೋರ್ಟು ನೀನು ಕಳ್ಳ ಅಲ್ಲ ಅಂತ ಹೇಳ್ತು. ಅಲ್ಲಿ ಇರಬಹುದು ಅಂತ ಹೇಳಲಿಲ್ಲ."

ಅವನು ತಿರುಗಿ ಕೋರ್ಟಿನ ಕಟ್ಟಡವನ್ನು ನೋಡಿದ.

"ಕಡಿದವ್ರು?" ಎಂದು ಕೇಳಿದ.

"ಅವರು ಹೋಗಬಹುದು."

ಪೂವಿ ಸೆರಗು ಬಿಟ್ಟುಕೊಂಡಳು. ಇಬ್ಬರೂ ತೋಟದ ಲೈನಿಗೆ ಹೋಗುವ ಬಸ್ಸು ನಿಲ್ಲುವ ಕಡೆಗೆ ನಡೆದರು.